ನಾಮಪದದ ಮುಂದಿನ ಚಿಕ್ಕ ಪದ: ವಾಣಿಜ್ಯ ಪತ್ರಗಳಲ್ಲಿ ಇಂಗ್ಲಿಷ್ ಡಿಟರ್ಮಿನರ್‌ಗಳ ಬಳಕೆ

ವಿಜಯಪುರ ನಗರದ ಒಣದ್ರಾಕ್ಷಿ ವರ್ತಕರಿಗೂ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಸಂಸ್ಕರಣಕಾರರಿಗೂ ಹೊರರಾಜ್ಯ, ಹೊರದೇಶಗಳ ಖರೀದಿದಾರರೊಡನೆ ಇಂಗ್ಲಿಷ್ ಪತ್ರವ್ಯವಹಾರ ಅನಿವಾರ್ಯ. ಇಂತಹ ಪತ್ರಗಳಲ್ಲಿ ದರ, ತೂಕಗಳ ಮೇಲೆ ಇರುವ ಎಚ್ಚರ ನಾಮಪದದ ಮುಂದೆ ಬರುವ ಚಿಕ್ಕ ಪದಗಳ ಮೇಲೆ ಇರುವುದಿಲ್ಲ. 'ಎ', 'ಆನ್', 'ದ', 'ದಿಸ್', 'ಅವರ್', 'ಸಮ್', 'ಎನಿ', 'ಈಚ್' ಮುಂತಾದ ಈ ಪದಗಳಿಗೆ ಡಿಟರ್ಮಿನರ್‌ಗಳೆಂದು ಹೆಸರು. ಯಾವ ಸರಕು, ಎಷ್ಟು ಸರಕು, ಯಾರ ಸರಕು ಎಂಬುದನ್ನು ಗೊತ್ತುಪಡಿಸುವುದು ಇವುಗಳ ಕೆಲಸ.

ತೊಡಕಿನ ಮೂಲ

ಕನ್ನಡದಲ್ಲಿ 'ಎ', 'ದ'ಗಳಿಗೆ ಸಮನಾದ ಪದಗಳಿಲ್ಲ. ಆದರೂ ಆ ಅರ್ಥಭೇದ ಕನ್ನಡಕ್ಕೆ ಅಪರಿಚಿತವಲ್ಲ. 'ಬಾಕ್ಸ್ ಕಳುಹಿಸಿ' ಎಂದರೆ ಯಾವುದಾದರೂ ಬಾಕ್ಸ್ ಆಗಬಹುದು. 'ಬಾಕ್ಸನ್ನು ಕಳುಹಿಸಿ' ಎಂದರೆ ಇಬ್ಬರಿಗೂ ತಿಳಿದಿರುವ ಬಾಕ್ಸ್. ಕನ್ನಡವು ಪದದ ಕೊನೆಯಲ್ಲಿ ಪ್ರತ್ಯಯದಿಂದ ಸೂಚಿಸುವುದನ್ನು ಇಂಗ್ಲಿಷ್ ಪದದ ಮುಂದೆ ಬೇರೊಂದು ಪದವಿಟ್ಟು ಸೂಚಿಸುತ್ತದೆ.

1. 'ಎ' ಮತ್ತು 'ಆನ್'

ಎಣಿಸಬಹುದಾದ ವಸ್ತು ಏಕವಚನದಲ್ಲಿದ್ದರೆ ಅದರ ಮುಂದೆ ಸಾಮಾನ್ಯವಾಗಿ ಒಂದು ಡಿಟರ್ಮಿನರ್ ಇರಲೇಬೇಕು. 'ವಿ ಸೆಂಟ್ ಸ್ಯಾಂಪಲ್' ತಪ್ಪು. 'ವಿ ಸೆಂಟ್ ಎ ಸ್ಯಾಂಪಲ್' ಸರಿ. 'ಎ' ಬೇಕೋ 'ಆನ್' ಬೇಕೋ ಎಂಬುದನ್ನು ನಿರ್ಣಯಿಸುವುದು ಉಚ್ಚಾರಣೆ, ಅಕ್ಷರವಲ್ಲ. ಆದ್ದರಿಂದ 'ಎ ಯೂನಿಟ್', 'ಎ ಯುರೋಪಿಯನ್ ಬೈಯರ್'. ಆದರೆ 'ಆನ್ ಇನ್ವಾಯ್ಸ್', 'ಆನ್ ಎಂ.ಎಸ್.ಎಂ.ಇ. ಯೂನಿಟ್'.

2. 'ದ'

ಮೊದಲ ಬಾರಿ ಪ್ರಸ್ತಾಪಿಸುವ ವಸ್ತುವಿಗೆ 'ಎ', ಈಗಾಗಲೇ ಗೊತ್ತಾಗಿರುವ ವಸ್ತುವಿಗೆ 'ದ'. ಈ ಭೇದವು ವ್ಯಾಕರಣಕ್ಕಷ್ಟೇ ಸೀಮಿತವಲ್ಲ. '200 ಬಾಕ್ಸಸ್ ಆಫ್ ರೈಸಿನ್ಸ್' ಎಂದು ಬರೆದರೆ ಯಾವುದಾದರೂ 200 ಬಾಕ್ಸ್. 'ದ 200 ಬಾಕ್ಸಸ್ ಮಾರ್ಕ್ಡ್ ಲಾಟ್ 12 ಇನ್ ಅವರ್ ಕೋಲ್ಡ್ ಸ್ಟೋರೇಜ್' ಎಂದರೆ ಬೆರಳಿಟ್ಟು ತೋರಿಸಬಹುದಾದ 200 ಬಾಕ್ಸ್.

1930ರ ಸರಕು ಮಾರಾಟ ಅಧಿನಿಯಮದ 18ನೆಯ ಕಲಮಿನ ಪ್ರಕಾರ, ಇಂಥದ್ದೇ ಎಂದು ಗುರುತಾಗದ ಸರಕಿನ ಒಡೆತನ ಅದು ಗುರುತಾಗುವ ತನಕ ಖರೀದಿದಾರನಿಗೆ ಹೋಗದು. ನಿರ್ದಿಷ್ಟ ಸರಕು ಒಪ್ಪಿಸಲು ಸಿದ್ಧವಾಗಿದ್ದು ಕರಾರು ನಿಬಂಧನೆಯಿಲ್ಲದ್ದಾಗಿದ್ದರೆ, 20ನೆಯ ಕಲಮಿನಂತೆ ಕರಾರಾದ ಕ್ಷಣವೇ ಒಡೆತನ ಹೋಗುತ್ತದೆ. ಹಣ ನಂತರ ಬಂದರೂ ಸರಿ. ಬೇರೆ ಒಪ್ಪಂದವಿಲ್ಲದಿದ್ದರೆ ಒಡೆತನದ ಜೊತೆಗೆ ನಷ್ಟದ ಹೊಣೆಯೂ ಹೋಗುತ್ತದೆಂದು 26ನೆಯ ಕಲಮು ಹೇಳುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ಕೆಟ್ಟಾಗ ನಷ್ಟ ಯಾರದು ಎಂಬ ವಾದದಲ್ಲಿ ಪತ್ರದ ಒಕ್ಕಣೆ ಮುಖ್ಯವಾಗುವುದು ಹೀಗೆ. 'ದ' ಒಂದೇ ವ್ಯಾಜ್ಯವನ್ನು ತೀರ್ಮಾನಿಸದು. ಲಾಟ್ ಸಂಖ್ಯೆಯೂ ಅದರ ಜೊತೆಗಿರಬೇಕು.

3. 'ಫ್ಯೂ' ಮತ್ತು 'ಎ ಫ್ಯೂ'

'ವಿ ಹ್ಯಾವ್ ಎ ಫ್ಯೂ ಬಾಕ್ಸಸ್' ಎಂದರೆ 'ಕೆಲವು ಬಾಕ್ಸ್‌ಗಳಿವೆ, ಬೇಕಾದರೆ ಕೇಳಿ' ಎಂಬ ಭಾವ. 'ಎ' ಬಿಟ್ಟರೆ 'ಇಲ್ಲವೆನ್ನುವಷ್ಟೇ ಇವೆ' ಎಂದಾಗುತ್ತದೆ. ಗಿರಾಕಿ ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ. ಎಣಿಸಲಾಗದ ವಸ್ತುವಿಗೆ 'ಲಿಟಲ್', 'ಎ ಲಿಟಲ್'ಗಳಲ್ಲಿಯೂ ಇದೇ ಅಂತರ. 'ಮಷಿನರಿ', 'ಇನ್ಫರ್ಮೇಷನ್', 'ಎಕ್ವಿಪ್‌ಮೆಂಟ್' ಎಣಿಸಲಾಗದ ಪದಗಳು. ಇವುಗಳ ಮುಂದೆ 'ಎ', 'ಮೆನಿ' ಸಲ್ಲವು.

4. 'ಆಲ್', 'ಈಚ್', 'ಎನಿ'

'ಆಲ್ ಬಾಕ್ಸಸ್ ವೇ 15 ಕೆ.ಜಿ.' ಎಂದರೆ ಎಲ್ಲ ಸೇರಿ 15 ಕೆ.ಜಿ.ಯೋ, ಒಂದೊಂದೂ 15 ಕೆ.ಜಿ.ಯೋ ಎಂಬ ಸಂದೇಹಕ್ಕೆ ಎಡೆಯುಂಟು. 'ಈಚ್ ಬಾಕ್ಸ್ ವೇಸ್ 15 ಕೆ.ಜಿ.' ನಿಸ್ಸಂದೇಹ. 'ಎನಿ' ಪದವನ್ನು ಇನ್ನೂ ಎಚ್ಚರದಿಂದ ಬಳಸಬೇಕು. 'ವಿ ವಿಲ್ ರೀಪ್ಲೇಸ್ ಎನಿ ಡ್ಯಾಮೇಜ್ಡ್ ಬಾಕ್ಸ್' ಎಂಬುದು ಎಷ್ಟೇ ಬಾಕ್ಸ್ ಕೆಟ್ಟರೂ ಅಷ್ಟನ್ನೂ ಬದಲಿಸುವ ವಚನ. ಮಿತಿ ಬೇಕಿದ್ದರೆ ಸಂಖ್ಯೆಯನ್ನೋ ದಿನಗಳ ಗಡುವನ್ನೋ ಸೇರಿಸುವುದು ಕ್ಷೇಮ.

5. ಲೆಟರ್ ಆಫ್ ಕ್ರೆಡಿಟ್

2007ರ ಜುಲೈ 1ರಿಂದ ಜಾರಿಯಲ್ಲಿರುವ ಯು.ಸಿ.ಪಿ. 600 ನಿಯಮಾವಳಿಯ 17ನೆಯ ವಿಧಿ, ಲೆಟರ್ ಆಫ್ ಕ್ರೆಡಿಟ್ ಕೇಳಿದ 'ಈಚ್ ಡಾಕ್ಯುಮೆಂಟ್'ನ ಕನಿಷ್ಠ ಒಂದು ಮೂಲಪ್ರತಿಯನ್ನು ಅಪೇಕ್ಷಿಸುತ್ತದೆ. 'ಈಚ್' ಎಂದಿರುವುದರಿಂದ ಇನ್ವಾಯ್ಸಿನ ಮೂಲಪ್ರತಿ ಕೊಟ್ಟು ಪ್ಯಾಕಿಂಗ್ ಲಿಸ್ಟಿನ ನಕಲು ಮಾತ್ರ ಕೊಟ್ಟರೆ ಸಾಲದು. ಹಾಗೆಯೇ 'ಒನ್ ಇನ್ವಾಯ್ಸ್' ಎಂದಿದ್ದರೆ ಮೂಲಪ್ರತಿಯೇ ಬೇಕು; 'ಒನ್ ಕಾಪಿ ಆಫ್ ಇನ್ವಾಯ್ಸ್' ಎಂದಿದ್ದರೆ ನಕಲು ಸಾಕು. ದಾಖಲೆ ಹೊಂದದಿದ್ದರೆ ಹಣ ಪಾವತಿಯನ್ನು ನಿರಾಕರಿಸಲು ಬ್ಯಾಂಕಿಗೆ ಅಧಿಕಾರವಿದೆ.

ಸಹಿ ಹಾಕುವ ಮೊದಲು ಪತ್ರದ ಪ್ರತಿಯೊಂದು ನಾಮಪದದ ಬಳಿ ನಿಂತು 'ಯಾವುದು? ಎಷ್ಟು? ಯಾರದು?' ಎಂದು ಕೇಳಿಕೊಳ್ಳುವ ರೂಢಿ ಇಂತಹ ತಪ್ಪುಗಳನ್ನು ಬಹುಮಟ್ಟಿಗೆ ತಡೆಯುತ್ತದೆ.

ಅಭ್ಯಾಸ

ಬಿಟ್ಟ ಸ್ಥಳ ತುಂಬಿರಿ:
ಅ) ಪ್ಲೀಸ್ ಓಪನ್ —— ಎಲ್.ಸಿ. ಬೈ ಮಂಡೇ.
ಆ) ವಿ ಸೆಂಟ್ ಎ ಸ್ಯಾಂಪಲ್ ಇನ್ ಮಾರ್ಚ್. —— ಸ್ಯಾಂಪಲ್ ವಾಸ್ ಅಪ್ರೂವ್ಡ್.
ಇ) ವಿ ಎಕ್ಸ್‌ಪೋರ್ಟ್ ಟು —— ನೆದರ್ಲ್ಯಾಂಡ್ಸ್.
ಈ) —— ಬಾಕ್ಸ್ ಕ್ಯಾರೀಸ್ ಇಟ್ಸ್ ಓನ್ ಲಾಟ್ ನಂಬರ್.

ಉತ್ತರ: ಅ) ಆನ್. ಆ) ದ. ಇ) ದ. ಈ) ಈಚ್ ಅಥವಾ ಎವೆರಿ.