ನಾಯಿಗೂ ಒಂದು ಸಂಕ್ರಾಂತಿ: ಗೆಣಸಿನ ಬಿಲ್ಲೆ ಮಾಡೋಣ ಬನ್ನಿ



ಜನವರಿ ತಿಂಗಳ ಎರಡನೇ ವಾರದಲ್ಲಿ ಬೆಂಗಳೂರಿನ ಶಂಕರಪುರಂನಿಂದ ಗಾಂಧಿ ಬಜಾರಿನ ಕಡೆಗೆ ನಡೆದು ಹೋಗಿ ನೋಡಿ. ದಾರಿಯುದ್ದಕ್ಕೂ ಕಬ್ಬಿನ ಜಲ್ಲೆ, ಮಣ್ಣು ಮೆತ್ತಿದ ಗೆಣಸಿನ ರಾಶಿ, ಅವರೆಕಾಯಿ, ಕಡಲೆಕಾಯಿ, ಎಲಚಿ ಹಣ್ಣು. ಸಂಕ್ರಾಂತಿ ಬಂತೆಂದು ಕ್ಯಾಲೆಂಡರ್ ನೋಡದೆಯೇ ಹೇಳಬಹುದು. ಹಬ್ಬದ ಸಂಜೆ ಎಳ್ಳು ಬೀರಲು ಮಕ್ಕಳು ಮನೆಯಿಂದ ಮನೆಗೆ ಹೊರಡುತ್ತಾರೆ. ಹಳ್ಳಿಗಳಲ್ಲಿ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುತ್ತಾರೆ. ಮನುಷ್ಯರಿಗೂ ಹಬ್ಬ, ದನಗಳಿಗೂ ಹಬ್ಬ.

ಆದರೆ ಗೇಟಿನ ಬಳಿ ಬಾಲ ಅಲ್ಲಾಡಿಸುತ್ತಾ ಕುಳಿತ ನಾಯಿಗೆ? ಪಾಪ, ಅದಕ್ಕೂ ಹಬ್ಬ ಬೇಡವೇ ಎಂದು ನಿಮಗೆ ಅನ್ನಿಸುತ್ತದೆ. ಎಲೆಯಲ್ಲಿ ಉಳಿದ ಸಿಹಿ ಪೊಂಗಲ್ ಹಿಡಿದು ಹೊರಡುತ್ತೀರಿ.

ಸ್ವಲ್ಪ ತಾಳಿ! ಆ ಪೊಂಗಲಿನಲ್ಲಿ ಒಣದ್ರಾಕ್ಷಿ ಇದೆಯೇ ನೋಡಿ. ಇದ್ದರೆ, ನೀವು ಪ್ರೀತಿಯಿಂದ ಕೊಟ್ಟ ತುತ್ತೇ ಆ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಹುದು. ನಮಗೆ ಒಳ್ಳೆಯದಾದದ್ದು ನಾಯಿಗೆ ಏಕೆ ವಿಷವಾಗುತ್ತದೆ? ಹಾಗಾದರೆ ನಾಯಿಗೆ ಏನು ಕೊಡಬಹುದು? ತಿಳಿಯೋಣ ಬನ್ನಿ.

ನಾಯಿ ತೋಳವಲ್ಲ

ನಾಯಿಯ ಪೂರ್ವಜರು ತೋಳಗಳು. ತೋಳ ಮಾಂಸಾಹಾರಿ. ಆದರೆ ನಮ್ಮ ಹಳ್ಳಿಗಳಲ್ಲಿ ನಾಯಿಗೆ ರಾಗಿ ಮುದ್ದೆ, ಅನ್ನ ಹಾಕುವುದು ಹಳೆಯ ರೂಢಿ. ನಾಯಿ ಅದನ್ನು ತಿಂದು ಚೆನ್ನಾಗಿಯೇ ಇರುತ್ತದೆ. ಇದು ಹೇಗೆ?

2013ರಲ್ಲಿ ಸ್ವೀಡನ್ ದೇಶದ ವಿಜ್ಞಾನಿಗಳು ಇದಕ್ಕೆ ಉತ್ತರ ಕಂಡುಕೊಂಡರು. ರಾಗಿ, ಅಕ್ಕಿ, ಗೆಣಸುಗಳಲ್ಲಿ ಪಿಷ್ಟ ಇರುತ್ತದೆ. ಪಿಷ್ಟವನ್ನು ಜೀರ್ಣಿಸಲು ಅಮೈಲೇಸ್ ಎಂಬ ಕಿಣ್ವ ಬೇಕು. ಈ ಕಿಣ್ವವನ್ನು ತಯಾರಿಸುವ ವಂಶವಾಹಿಯ ಪ್ರತಿಗಳು ತೋಳದಲ್ಲಿ ಕೇವಲ 2 ಇದ್ದರೆ, ಅವರು ಪರೀಕ್ಷಿಸಿದ ನಾಯಿಗಳಲ್ಲಿ 4ರಿಂದ 30ರವರೆಗೆ ಇದ್ದವು. ಸಾವಿರಾರು ವರ್ಷ ಮನುಷ್ಯರ ಜೊತೆ ಬಾಳಿ, ಅವರು ಹಾಕಿದ್ದನ್ನು ತಿಂದು ನಾಯಿಯ ದೇಹ ಬದಲಾಯಿತು.

ಆದರೆ ಎಲ್ಲವೂ ಬದಲಾಗಲಿಲ್ಲ. ನಾವು ತಿನ್ನುವ ಕೆಲವು ಪದಾರ್ಥಗಳನ್ನು ನಾಯಿಯ ದೇಹ ಇಂದಿಗೂ ನಿಭಾಯಿಸಲಾರದು. ದ್ರಾಕ್ಷಿ ಅಂಥವುಗಳಲ್ಲಿ ಒಂದು.

ಆಟದ ಹಿಟ್ಟು ಕೊಟ್ಟ ಸುಳಿವು

ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುತ್ತದೆ ಎಂಬುದು ಪಶುವೈದ್ಯರಿಗೆ ಸುಮಾರು ಎರಡು ದಶಕಗಳಿಂದ ಗೊತ್ತಿತ್ತು. ಆದರೆ ದ್ರಾಕ್ಷಿಯಲ್ಲಿರುವ ಯಾವ ಅಂಶ ಇದಕ್ಕೆ ಕಾರಣ ಎಂಬುದು ಒಗಟಾಗಿಯೇ ಉಳಿದಿತ್ತು. ಇನ್ನೊಂದು ಒಗಟೂ ಇತ್ತು. ಒಂದು ನಾಯಿ ಕೆಲವೇ ದ್ರಾಕ್ಷಿ ತಿಂದು ಸಾಯುತ್ತಿತ್ತು, ಇನ್ನೊಂದಕ್ಕೆ ಏನೂ ಆಗುತ್ತಿರಲಿಲ್ಲ.

ಸುಳಿವು ಸಿಕ್ಕಿದ್ದು ದ್ರಾಕ್ಷಿಯಿಂದಲ್ಲ! ಅಮೆರಿಕದಲ್ಲಿ ಮಕ್ಕಳಿಗಾಗಿ ಮನೆಯಲ್ಲೇ ಆಟದ ಹಿಟ್ಟು ಮಾಡುವಾಗ ಅದಕ್ಕೆ ಕ್ರೀಮ್ ಆಫ್ ಟಾರ್ಟರ್ ಎಂಬ ಪುಡಿ ಬೆರೆಸುತ್ತಾರೆ. ಅಂಥ ಹಿಟ್ಟನ್ನು ತಿಂದ ನಾಯಿಯೊಂದರ ಮೂತ್ರಪಿಂಡ, ದ್ರಾಕ್ಷಿ ತಿಂದ ನಾಯಿಗಳಲ್ಲಿ ಆಗುವಂತೆಯೇ ಕೆಟ್ಟಿತು. ವೈದ್ಯರು ಯೋಚಿಸಿದರು: ಈ ಪುಡಿಯಲ್ಲೂ ದ್ರಾಕ್ಷಿಯಲ್ಲೂ ಇರುವ ಸಮಾನ ಅಂಶ ಯಾವುದು? ಅದು ಟಾರ್ಟಾರಿಕ್ ಆಮ್ಲ. 2021ರಲ್ಲಿ ಅವರು ಈ ವಿಚಾರವನ್ನು ಪ್ರಕಟಿಸಿದರು. ಎಲ್ಲ ದ್ರಾಕ್ಷಿಯಲ್ಲೂ ಈ ಆಮ್ಲ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಹಾಗಾಗಿ ಎರಡನೇ ಒಗಟಿಗೂ ಉತ್ತರ ದೊರೆಯಿತು.

ಈಗ ನಮ್ಮ ಅಡುಗೆಮನೆಗೆ ಬನ್ನಿ. ಟಾರ್ಟಾರಿಕ್ ಆಮ್ಲ ಹೇರಳವಾಗಿರುವ ಇನ್ನೊಂದು ಪದಾರ್ಥ ಯಾವುದು ಗೊತ್ತೆ? ಹುಣಸೆಹಣ್ಣು! ಹುಣಸೆ ತಿಂದ ನಾಯಿಗಳಲ್ಲೂ ಇದೇ ತೊಂದರೆ ಕಂಡುಬಂದಿದೆ. ಆದ್ದರಿಂದ ಪುಳಿಯೋಗರೆ, ಹುಳಿ, ಗೊಜ್ಜುಗಳನ್ನು ನಾಯಿಗೆ ಹಾಕಬಾರದು.

ಇವೂ ಬೇಡ

ಈರುಳ್ಳಿ, ಬೆಳ್ಳುಳ್ಳಿ: ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ತಿಂದ ದಿನ ನಾಯಿ ಚೆನ್ನಾಗಿಯೇ ಕಾಣಬಹುದು, ಕೆಲವು ದಿನಗಳ ನಂತರ ರಕ್ತಹೀನತೆಯಿಂದ ಸೊರಗುತ್ತದೆ.

ಚಾಕೊಲೇಟ್: ಇದರಲ್ಲಿರುವ ಥಿಯೋಬ್ರೊಮಿನ್ ನಾಯಿಯ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ಅರ್ಧದಷ್ಟು ಕರಗಲು ಸುಮಾರು 17 ಗಂಟೆ ಬೇಕು. ಅಷ್ಟು ಹೊತ್ತೂ ಅದು ಹೃದಯವನ್ನೂ ನರಗಳನ್ನೂ ಕೆರಳಿಸುತ್ತಿರುತ್ತದೆ.

ಜೈಲಿಟಾಲ್: ಸಕ್ಕರೆ ಇಲ್ಲದ ಕೆಲವು ಚೂಯಿಂಗ್ ಗಮ್, ಮಿಠಾಯಿಗಳಲ್ಲಿ ಈ ಸಿಹಿಕಾರಕ ಇರುತ್ತದೆ. ಇದು ನಾಯಿಯ ದೇಹದಲ್ಲಿ ಇನ್ಸುಲಿನ್ ಒಮ್ಮೆಗೇ ಉಕ್ಕುವಂತೆ ಮಾಡುತ್ತದೆ. ರಕ್ತದ ಸಕ್ಕರೆ ಕುಸಿದು ನಾಯಿ ತತ್ತರಿಸಿ ಬೀಳುತ್ತದೆ.

ಚಕ್ಕುಲಿ, ಕೋಡುಬಳೆ, ತುಪ್ಪದ ಸಿಹಿತಿಂಡಿ: ಅತಿಯಾದ ಕೊಬ್ಬಿನಿಂದ ಮೇದೋಜೀರಕ ಗ್ರಂಥಿ ಊದಿಕೊಂಡು ನಾಯಿ ತೀವ್ರ ನೋವು ಅನುಭವಿಸಬಹುದು. ಎಳ್ಳು ಬೆಲ್ಲವೂ ಬೇಡ. ಅದರಲ್ಲಿ ಕೊಬ್ಬರಿ, ಬೆಲ್ಲ, ಸಕ್ಕರೆ ಅಚ್ಚು ಎಲ್ಲ ಇರುತ್ತವೆ.

ಬೂಷ್ಟು ಹಿಡಿದ ಕಡಲೆಕಾಯಿ: ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೆ ನೀವು ಹೋಗಿರಬಹುದು. ಅಲ್ಲಿಂದ ತಂದ ಕಾಯಿ ತೇವದಲ್ಲಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರಿರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಪತ್ತೆಯಾಯಿತು. ಇದು ನಾಯಿಯ ಯಕೃತ್ತನ್ನೂ ಕೆಡಿಸುತ್ತದೆ. ನಮಗೂ ಒಳ್ಳೆಯದಲ್ಲ.

ಬೇಯಿಸಿದ ಮೂಳೆ, ಎಲಚಿ ಹಣ್ಣಿನ ಬೀಜ, ಕಬ್ಬಿನ ಸಿಪ್ಪೆ: ಇವು ಗಂಟಲಿಗೆ ಅಥವಾ ಕರುಳಿಗೆ ಸಿಕ್ಕಿಕೊಳ್ಳಬಹುದು. ಬೆಂದ ಮೂಳೆ ಚೂಪಾಗಿ ಸೀಳುತ್ತದೆ.

ಮಾಡಿ ನೋಡಿ: ಗೆಣಸಿನ ಬಿಲ್ಲೆ

ಇಷ್ಟೆಲ್ಲ ಬೇಡ ಎಂದ ಮೇಲೆ ಬೇಕಾದದ್ದನ್ನು ಹೇಳಬೇಕಲ್ಲವೇ? ಸಂಕ್ರಾಂತಿಯ ಗೆಣಸೇ ಸಾಕು. ಒಲೆಯ ಕೆಲಸವನ್ನು ಅಮ್ಮ, ಅಪ್ಪ ಅಥವಾ ಮನೆಯ ಹಿರಿಯರ ಜೊತೆಯಲ್ಲೇ ಮಾಡಿ.

ಬೇಕಾಗುವ ವಸ್ತುಗಳು: ಎರಡು ಗೆಣಸು, ಇಡ್ಲಿ ಪಾತ್ರೆ, ಕಾವಲಿ, ಶುಭ್ರವಾದ ಬಟ್ಟೆ. ಉಪ್ಪು, ಬೆಲ್ಲ, ಎಣ್ಣೆ, ತುಪ್ಪ ಯಾವುದೂ ಬೇಡ.

ವಿಧಾನ:
1. ಗೆಣಸಿನ ಮಣ್ಣನ್ನು ಚೆನ್ನಾಗಿ ತೊಳೆದು ಸಿಪ್ಪೆ ತೆಗೆಯಿರಿ. ಕೊಳೆತ ಭಾಗವಿದ್ದರೆ ಆ ಗೆಣಸನ್ನೇ ಬಿಡಿ.
2. ಸುಮಾರು ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ.
3. ಇಡ್ಲಿ ಪಾತ್ರೆಯಲ್ಲಿ ಸುಮಾರು 15 ನಿಮಿಷ ಹಬೆಯಲ್ಲಿ ಬೇಯಿಸಿ. ಬೆರಳಿನಿಂದ ಒತ್ತಿದರೆ ಮೆತ್ತಗಾಗಿರಬೇಕು. ಹಸಿ ಗೆಣಸು ಗಟ್ಟಿ, ಗಂಟಲಿಗೆ ಸಿಕ್ಕೀತು. ಜೀರ್ಣವೂ ಆಗದು.
4. ಬಟ್ಟೆಯ ಮೇಲೆ ಹರಡಿ ಆರಲು ಬಿಡಿ.
5. ಎಣ್ಣೆ ಸವರದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬೆಚ್ಚಗೆ ಮಾಡಿ. ನೀರಿನಂಶ ಹೋಗಿ ಅಂಚು ಸ್ವಲ್ಪ ಗಟ್ಟಿಯಾಗಬೇಕು. ಸೀಯಬಾರದು.
6. ಪೂರ್ತಿ ತಣ್ಣಗಾದ ಮೇಲೆ ಡಬ್ಬಿಗೆ ತುಂಬಿ. ಒಂದೆರಡು ದಿನದಲ್ಲಿ ಮುಗಿಸಿ. ಬಿಸಿ ಇರುವಾಗಲೇ ಮುಚ್ಚಿದರೆ ಹಬೆ ನೀರಾಗಿ ಬೂಷ್ಟು ಹಿಡಿಯುತ್ತದೆ.

ರಾಗಿ ಬಿಲ್ಲೆಯನ್ನೂ ಮಾಡಬಹುದು. ಒಂದು ಬಟ್ಟಲು ರಾಗಿ ಹಿಟ್ಟಿಗೆ ಬೇಯಿಸಿ ಹಿಸುಕಿದ ಸಿಹಿಗುಂಬಳವನ್ನು ಹಿಟ್ಟು ಕೂಡುವಷ್ಟು ಬೆರೆಸಿ ನಾದಿ. ಚಿಕ್ಕ ಬಿಲ್ಲೆ ತಟ್ಟಿ, 20 ನಿಮಿಷ ಹಬೆಯಲ್ಲಿ ಬೇಯಿಸಿ, ನಂತರ ಕಾವಲಿಯ ಮೇಲೆ ಒಣಗಿಸಿ. ಒಳಗೆ ಹಸಿ ಹಿಟ್ಟು ಉಳಿಯಬಾರದು.

ಸಿಹಿ ಹಾಕದಿದ್ದರೆ ನಾಯಿಗೆ ರುಚಿಸುತ್ತದೆಯೇ ಎಂಬ ಅನುಮಾನ ಬೇಡ. ನಮ್ಮ ನಾಲಿಗೆಯಲ್ಲಿ ಸುಮಾರು 9,000 ರುಚಿ ಮೊಗ್ಗುಗಳಿದ್ದರೆ ನಾಯಿಗೆ ಇರುವುದು ಸುಮಾರು 1,700 ಮಾತ್ರ. ಅದು ಆಹಾರವನ್ನು ಆರಿಸುವುದು ಹೆಚ್ಚಾಗಿ ಮೂಗಿನಿಂದ. ಬೆಂದ ಗೆಣಸಿನ ಪರಿಮಳವೇ ಅದಕ್ಕೆ ಸಾಕು.

ಎಷ್ಟು ಕೊಡಬೇಕು? ಲೆಕ್ಕ ಮಾಡಿ

ನಾಯಿಗೆ ದಿನವೊಂದಕ್ಕೆ ಬೇಕಾದ ಶಕ್ತಿಯಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಿಂಡಿಯಿಂದ ಬರಬಾರದು ಎನ್ನುವುದು ಪಶುವೈದ್ಯರ ಸಲಹೆ. 10 ಕಿಲೋ ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಬೇಕು. ಅದರ ಹತ್ತನೇ ಒಂದು ಭಾಗ 60. ಬೆಂದ ಗೆಣಸಿನ 100 ಗ್ರಾಂನಲ್ಲಿ ಸುಮಾರು 80 ಕಿಲೋಕ್ಯಾಲೊರಿ ಇರುತ್ತದೆ. ಹಾಗಾದರೆ 60 ಕಿಲೋಕ್ಯಾಲೊರಿಗೆ 75 ಗ್ರಾಂ. ಒಂದು ಬಿಲ್ಲೆ 15 ಗ್ರಾಂ ಇದ್ದರೆ ಐದು ಬಿಲ್ಲೆ. ಇದು ಗರಿಷ್ಠ ಮಿತಿ. 5 ಕಿಲೋದ ಚಿಕ್ಕ ನಾಯಿಗೆ ಎರಡು ಸಾಕು. ಮೊದಲ ಸಲ ಒಂದೇ ಬಿಲ್ಲೆ ಕೊಟ್ಟು ಮರುದಿನ ನಾಯಿ ಹೇಗಿದೆ ಎಂದು ಗಮನಿಸಿ.

ಇಲ್ಲೊಂದು ಪ್ರಶ್ನೆ. ಹಬೆಯಲ್ಲಿ ಬೆಂದ 100 ಗ್ರಾಂ ಬಿಲ್ಲೆಗಳು ಕಾವಲಿಯ ಮೇಲೆ ಒಣಗಿದಾಗ 60 ಗ್ರಾಂ ಆದವು ಎಂದುಕೊಳ್ಳಿ. ಹೋದದ್ದು 40 ಗ್ರಾಂ ನೀರು ಮಾತ್ರ. ಶಕ್ತಿ ಹಾಗೆಯೇ ಉಳಿದಿದೆ. ಆದ್ದರಿಂದ ಒಣಗಿದ ಮೇಲೆ 75 ಗ್ರಾಂ ತೂಗಿ ಕೊಟ್ಟರೆ ಅದು ಹೆಚ್ಚಾಗುತ್ತದೆ. ಒಣಗಿಸುವ ಮೊದಲೇ ತೂಗಬೇಕು, ಇಲ್ಲವೇ ಬಿಲ್ಲೆ ಎಣಿಸಿ ಕೊಡಬೇಕು.

ಕೊಡುವಾಗ ಎಚ್ಚರ

ಗುರುತಿಲ್ಲದ ನಾಯಿಯ ಬಳಿ ಹೋಗಬೇಡಿ. ಮರಿ ಹಾಕಿದ ನಾಯಿ, ಊಟ ಮಾಡುತ್ತಿರುವ ನಾಯಿ, ಮಲಗಿರುವ ನಾಯಿಗಳನ್ನು ಮುಟ್ಟಬೇಡಿ. ಗುರುತಿನ ನಾಯಿಗೂ ಕೈಯಿಂದ ತಿನ್ನಿಸದೆ, ಎಲೆಯ ಮೇಲಿಟ್ಟು ಹಿಂದೆ ಸರಿಯಿರಿ. ಸಾಕುನಾಯಿಯಾದರೆ ಮೊದಲು ಅದರ ಮನೆಯವರನ್ನು ಕೇಳಿ. ಬೀದಿನಾಯಿಗಳಿಗೆ ಗೊತ್ತುಪಡಿಸಿದ ಸ್ಥಳದಲ್ಲಿ ಮಾತ್ರ ಆಹಾರ ಹಾಕಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ. ಆದ್ದರಿಂದ ಹಿರಿಯರ ಜೊತೆಯಲ್ಲೇ ಹೋಗಿ.

ನಾಯಿ ಕಚ್ಚಿದರೆ ಅಥವಾ ಉಗುರಿನಿಂದ ಪರಚಿದರೆ, ಬೈಯುತ್ತಾರೆಂದು ಮುಚ್ಚಿಡಬೇಡಿ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ರೇಬೀಸ್ ಕಾಣಿಸಿಕೊಂಡ ಮೇಲೆ ಗುಣವಾಗುವುದು ಅಸಾಧ್ಯವೆನ್ನುವಷ್ಟು ಅಪರೂಪ. ಸಕಾಲದಲ್ಲಿ ಚುಚ್ಚುಮದ್ದು ಹಾಕಿಸಿಕೊಂಡರೆ ಅದನ್ನು ತಡೆಯಬಹುದು.

ನಾಯಿ ದ್ರಾಕ್ಷಿಯನ್ನೋ ಚಾಕೊಲೇಟನ್ನೋ ತಿಂದುಬಿಟ್ಟರೆ? ಲಕ್ಷಣ ಕಾಣಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದರಿಂದ ಇನ್ನಷ್ಟು ಅಪಾಯ. ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬ ಮೂರು ವಿಷಯಗಳನ್ನು ಬರೆದುಕೊಂಡು ಹಿರಿಯರ ಜೊತೆ ಕೂಡಲೇ ಪಶುವೈದ್ಯರ ಬಳಿ ಹೋಗಿ. ಮೂತ್ರಪಿಂಡ ಕೆಡುವ ಮೊದಲು ಚಿಕಿತ್ಸೆ ಸಿಕ್ಕರೆ ನಾಯಿ ಬದುಕುವ ಸಾಧ್ಯತೆ ಹೆಚ್ಚು.

ಸಾವಿರ ವರ್ಷದ ಕಲ್ಲು

ನಾಯಿಯನ್ನು ಆದರಿಸುವುದು ನಮಗೆ ಹೊಸದಲ್ಲ. ನೇಪಾಳದಲ್ಲಿ ದೀಪಾವಳಿಯ ಹೊತ್ತಿಗೆ ಬರುವ ತಿಹಾರ್ ಹಬ್ಬದಲ್ಲಿ ಒಂದು ದಿನ ನಾಯಿಗಳಿಗೆ ಹಾರ ಹಾಕಿ, ತಿಲಕವಿಟ್ಟು, ಊಟ ಕೊಡುತ್ತಾರೆ. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿನಲ್ಲಿ ಕಾಳಿ ಎಂಬ ಬೇಟೆನಾಯಿಗೆ ಸ್ಮಾರಕ ಶಿಲೆಯನ್ನೇ ನಿಲ್ಲಿಸಿದರು. ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟುಕೊಟ್ಟರು. ನಾಯಿಯೂ ಹಂದಿಯೂ ಕಾದಾಡುವ ಚಿತ್ರವಿರುವ ಆ ಶಾಸನ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದರೆ ಕಾಳಿಯನ್ನು ಹುಡುಕಿ.

ಪ್ರೀತಿ ಇದ್ದರೆ ಸಾಲದು, ಜೊತೆಗೆ ತಿಳಿವಳಿಕೆಯೂ ಬೇಕು. ಈ ಸಂಕ್ರಾಂತಿಗೆ ನಿಮ್ಮ ಎಲೆಯ ಪೊಂಗಲ್ ನಿಮಗಿರಲಿ, ಗೇಟಿನ ಬಳಿಯ ಗೆಳೆಯನಿಗೆ ಗೆಣಸಿನ ಬಿಲ್ಲೆ ಇರಲಿ.

ಯೋಚಿಸಿ, ಉತ್ತರಿಸಿ

1. ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಮಾಡುವ ಐದು ತಿಂಡಿಗಳನ್ನು ಬರೆಯಿರಿ. ಪ್ರತಿಯೊಂದರಲ್ಲೂ ಏನೇನು ಹಾಕುತ್ತಾರೆ ಎಂದು ಕೇಳಿ ತಿಳಿದು, ನಾಯಿಗೆ ಕೊಡಬಹುದೇ, ಬಾರದೇ ಎಂದು ಕಾರಣ ಸಹಿತ ಗುರುತಿಸಿ.
2. ನಿಮ್ಮ ಬಿಲ್ಲೆಗಳನ್ನು ಒಣಗಿಸುವ ಮೊದಲು ಮತ್ತು ನಂತರ ತೂಗಿ. ಎಷ್ಟು ಗ್ರಾಂ ನೀರು ಹೋಯಿತು?
3. ಆಟದ ಹಿಟ್ಟು ತಿಂದ ನಾಯಿಯನ್ನು ವೈದ್ಯರು ಕೇವಲ ಉಪಚರಿಸಿ ಮರೆತಿದ್ದರೆ ಏನಾಗುತ್ತಿತ್ತು? ಗೆಳೆಯರೊಡನೆ ಚರ್ಚಿಸಿ.