ಕ್ಲೇಮ್ ಮೇಜಿನ ಪಕ್ಕ ಎಂಟು ವಾರ

ಬೇಸಿಗೆ ರಜೆಯಲ್ಲಿ ಇನ್ಶೂರೆನ್ಸ್ ಕಂಪನಿಗೆ ಇಂಟರ್ನ್‌ಶಿಪ್‌ಗೆ ಹೋಗ್ತೀನಿ ಅಂದಾಗ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: ‘ಪಾಲಿಸಿ ಮಾಡ್ಸಿ ಅಂತ ನಮ್ಮನೇಗೂ ಬರ್ತೀಯೇನೋ?’ ಅವರ ಅನುಮಾನದಲ್ಲಿ ಹುರುಳಿತ್ತು. ನನಗೆ ಮೊದಲು ಕರೆ ಬಂದ ಎರಡು ‘ಇಂಟರ್ನ್‌ಶಿಪ್’ಗಳೂ ಅದೇ ಬಾಬತ್ತಿನವು. ಮೂರನೆಯದು ಸಿಕ್ಕಿತು. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡಿ, ಒಂದು ಸಾಮಾನ್ಯ ವಿಮಾ ಕಂಪನಿಯ ವಾಹನ ಕ್ಲೇಮ್ ವಿಭಾಗದಲ್ಲಿ ಎಂಟು ವಾರ ಕೂತೆ. ಮುಂದಿನ ಬೇಸಿಗೆಗೆ ಈ ಕಡೆ ಮುಖ ಮಾಡುವ ಬಿ.ಕಾಂ., ಬಿಬಿಎ, ಎಂಬಿಎ ವಿದ್ಯಾರ್ಥಿಗಳಿಗೆ ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಜರಡಿ ಹಿಡಿಯಿರಿ

‘ನಿಮ್ಮ ಪರಿಚಯದವರ ಫೋನ್ ನಂಬರ್ ಪಟ್ಟಿ ತನ್ನಿ’ ಎಂದರೆ, ‘ಟಾರ್ಗೆಟ್’ ಎಂಬ ಪದ ಬಂದರೆ, ಐಸಿ-38 ಪರೀಕ್ಷೆ ಕಟ್ಟಿ ಎಂದರೆ ಅದು ಏಜೆಂಟರ ನೇಮಕಾತಿ ಎಂದು ತಿಳಿಯಿರಿ. ಏಜೆಂಟ್ ಕೆಲಸ ಕೀಳಲ್ಲ, ಎಷ್ಟೋ ಮನೆಗಳು ಅದರಿಂದಲೇ ನಡೆದಿವೆ. ಆದರೆ ಅದು ಕಮಿಷನ್ ದುಡಿಮೆ, ಹಾಗೆಂದೇ ಹೇಳಿ ಕರೆಯಬೇಕು. ಒಪ್ಪುವ ಮುನ್ನ ಇಮೇಲ್‌ನಲ್ಲೇ ಮೂರು ವಿಷಯ ಕೇಳಿ: ಯಾವ ವಿಭಾಗ, ಯಾರ ಕೈಕೆಳಗೆ, ಸ್ಟೈಪೆಂಡ್ ಎಷ್ಟು. ನೀವೇ ಹಣ ಕಟ್ಟಬೇಕೆಂದರೆ ಅಲ್ಲಿಗೇ ನಿಲ್ಲಿಸಿ.

ಅರ್ಜಿಯನ್ನು ಜನವರಿ, ಫೆಬ್ರುವರಿಯಲ್ಲೇ ಹಾಕಿ. ಮಾರ್ಚ್ ಕೊನೆಯಲ್ಲಿ ವಿಮಾ ಕಚೇರಿಯವರಿಗೆ ಊಟದ ಹೊತ್ತೂ ಇರುವುದಿಲ್ಲ, ನಿಮ್ಮ ಫೋನ್ ಯಾರೂ ಎತ್ತುವುದಿಲ್ಲ. ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಈ ನಾಲ್ಕೂ ಸರ್ಕಾರಿ ಕಂಪನಿಗಳಿಗೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿಗಳಿವೆ. ಅಲ್ಲಿಗೆ ಕಾಲೇಜಿನ ಪತ್ರ ಹಿಡಿದು ಖುದ್ದಾಗಿ ಹೋಗುವುದು ಲೇಸು. ಆಕೊ, ಡಿಜಿಟ್‌ನಂಥ ಹೊಸ ಕಂಪನಿಗಳಲ್ಲಿ ಆನ್‌ಲೈನ್ ಅರ್ಜಿಯೇ ದಾರಿ. ಆರೋಗ್ಯ ವಿಮೆ ಇಷ್ಟವಾದರೆ ಆಸ್ಪತ್ರೆ ಬಿಲ್ ಪರಿಶೀಲಿಸುವ ಟಿಪಿಎ ಸಂಸ್ಥೆಗಳನ್ನೂ ವಿಚಾರಿಸಿ.

ವಿಭಾಗ ಆರಿಸುವ ಅವಕಾಶ ಸಿಕ್ಕರೆ ಕ್ಲೇಮ್ ಕೇಳಿ. ಮಾರ್ಕೆಟಿಂಗ್‌ನಲ್ಲಿ ಏಸಿ ತಣ್ಣಗಿರುತ್ತದೆ ನಿಜ. ಆದರೆ ಪಾಲಿಸಿ ಮಾರುವಾಗ ಯಾರೂ ಓದದ ಸಾಲನ್ನು ಕ್ಲೇಮ್ ಬಂದ ದಿನ ಎಲ್ಲರೂ ಓದುತ್ತಾರೆ. ನೀವೂ ಆಗ ಜೊತೆಗಿರಬೇಕು.

ಮನೆಯ ಸ್ಕೂಟರ್‌ನಿಂದ ಶುರು

ಹೋಗುವ ಮುನ್ನ ದಪ್ಪ ಪುಸ್ತಕವೇನೂ ಬೇಡ. ಮನೆಯಲ್ಲಿರುವ ಗಾಡಿಯ ಪಾಲಿಸಿ ತೆಗೆದು ಕೊನೆಯ ಸಾಲಿನವರೆಗೆ ಓದಿ. ಥರ್ಡ್ ಪಾರ್ಟಿ ವಿಮೆ 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಕಡ್ಡಾಯ, ನಮ್ಮ ಗಾಡಿಯ ಹಾನಿಗೆ ಸಿಗುವ ‘ಓನ್ ಡ್ಯಾಮೇಜ್’ ನಮ್ಮಿಷ್ಟ. ಐಡಿವಿ ಎಂದರೆ ಗಾಡಿ ಕಳುವಾದರೆ ಸಿಗುವ ಗರಿಷ್ಠ ಮೊತ್ತ. ಕ್ಲೇಮ್ ಮಾಡದಿದ್ದರೆ ಸಿಗುವ ನೋ ಕ್ಲೇಮ್ ಬೋನಸ್ 20ರಿಂದ ಏರುತ್ತಾ ಶೇ 50ಕ್ಕೆ ನಿಲ್ಲುತ್ತದೆ. ಅದು ಮಾಲೀಕನದು, ಗಾಡಿಯದಲ್ಲ.

ಹೀಗೆ ಓದುವಾಗಲೇ ಅಪ್ಪನ ಸ್ಕೂಟರ್ ಗುಟ್ಟು ಬಯಲಾಯಿತು. ಸೆಕೆಂಡ್ ಹ್ಯಾಂಡ್ ಕೊಂಡು ಎರಡು ವರ್ಷವಾಗಿದ್ದರೂ ಪಾಲಿಸಿ ಹಳೆಯ ಮಾಲೀಕರ ಹೆಸರಿನಲ್ಲೇ ರಿನ್ಯೂ ಆಗುತ್ತಿತ್ತು. ಹೆಸರು ಬದಲಿಸಲು ಗಾಡಿ ಕೈಬದಲಾದ 14 ದಿನದೊಳಗೆ ಅರ್ಜಿ ಕೊಡಬೇಕು. ‘ದುಡ್ಡು ನಾನೇ ಕಟ್ಟಿದೀನಲ್ಲ’ ಎಂಬುದು ಅಪ್ಪನ ವಾದ. ಇದೇ ವಾದವನ್ನು ಮುಂದೆ ಆಫೀಸಿನ ಫೋನಿನಲ್ಲಿ ಎಷ್ಟು ಸಲ ಕೇಳಿದೆನೋ!

ಒಂದು ಬಿಲ್ಲಿನ ಲೆಕ್ಕ

ಮೊದಲ ವಾರ ನನಗೆ ಕೊಟ್ಟದ್ದು ಹಳೆಯ ಫೈಲುಗಳು. ಕ್ಲೇಮ್ ಫಾರಂ, ಆರ್‌ಸಿ, ಡಿಎಲ್, ಗ್ಯಾರೇಜಿನ ಎಸ್ಟಿಮೇಟ್, ಫೋಟೊ, ಸರ್ವೆ ವರದಿ. ಬೇಸರದ ಕೆಲಸ ಅನ್ನಿಸಿತು. ಆಮೇಲೆ ಒಂದು ಆಟ ಹೂಡಿಕೊಂಡೆ. ಸರ್ವೇಯರ್ ಹಾಕಿದ ಮೊತ್ತ ನೋಡದೆ ನಾನೇ ಲೆಕ್ಕ ಹಾಕುವುದು, ಬಳಿಕ ಎರಡನ್ನೂ ಹೋಲಿಸುವುದು. ನೀವೂ ಹೀಗೇ ಮಾಡಿ.

ಉದಾಹರಣೆಗೆ ಮೂರೂವರೆ ವರ್ಷದ ಒಂದು ಸಣ್ಣ ಕಾರು. ಬಂಪರ್ 8,000 ರೂಪಾಯಿ, ಬಾನೆಟ್ 12,000, ಮುಂದಿನ ಗಾಜು 6,000, ಕೂಲಿ 5,000. ಬಿಲ್ 31,000. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿ ಶೇ 50, ಹಾಗಾಗಿ ಬಂಪರ್‌ಗೆ 4,000 ಮಾತ್ರ. ಲೋಹಕ್ಕೆ ಗಾಡಿಯ ವಯಸ್ಸಿನ ಲೆಕ್ಕ. ಮೂರರಿಂದ ನಾಲ್ಕು ವರ್ಷಕ್ಕೆ ಶೇ 25, ಅಂದರೆ ಬಾನೆಟ್‌ಗೆ 9,000. ಗಾಜಿಗೆ ಸವಕಳಿ ಇಲ್ಲ. ಕೂಲಿ ಪೂರ್ತಿ. ಒಟ್ಟು 24,000. ಅದರಲ್ಲಿ 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ಹೋದರೆ 23,000. (ಬಣ್ಣ, ತೆರಿಗೆಯ ಲೆಕ್ಕ ಬೇರೆ, ಅದನ್ನಿಲ್ಲಿ ಬಿಟ್ಟಿದ್ದೇನೆ.) ಉಳಿದ 8,000 ಗ್ರಾಹಕರ ಜೇಬಿನಿಂದ. ‘ಫುಲ್ ಇನ್ಶೂರೆನ್ಸ್ ಅಂದಿದ್ರಲ್ಲ’ ಎಂಬ ಕೂಗಾಟಕ್ಕೆ ಮೂಲ ಈ ಎಂಟು ಸಾವಿರವೇ. ಸವಕಳಿ ಕಳೆಯದ ಹೆಚ್ಚುವರಿ ಕವರ್‌ಗೆ ಗ್ಯಾರೇಜಿನವರು ‘ಬಂಪರ್ ಟು ಬಂಪರ್’ ಅನ್ನುತ್ತಾರೆ, ಕಾಗದದಲ್ಲಿ ಅದು ಝೀರೋ ಡೆಪ್ರಿಸಿಯೇಷನ್.

ಸರ್ವೇಯರ್ ಬೆನ್ನು ಬಿಡಬೇಡಿ

ಆಫೀಸಿನಲ್ಲಿ ನಾಲ್ಕು ವಾರ ಕಲಿಯುವುದನ್ನು ಗ್ಯಾರೇಜ್ ನಾಲ್ಕು ದಿನದಲ್ಲಿ ಕಲಿಸುತ್ತದೆ. ಮ್ಯಾನೇಜರ್ ಬಳಿ ಹೋಗಿ, ‘ಸರ್ವೇಯರ್ ಸರ್ ಜೊತೆ ಕಳಿಸಿ’ ಎಂದು ಬಾಯಿಬಿಟ್ಟು ಕೇಳಿ. 50,000 ರೂಪಾಯಿ ಮೀರಿದ ವಾಹನ ಕ್ಲೇಮ್‌ಗೆ ಪರವಾನಗಿ ಪಡೆದ ಸರ್ವೇಯರ್ ವರದಿ ಬೇಕು. ಸಾಮಾನ್ಯವಾಗಿ ಅವರು ಕಂಪನಿಯ ನೌಕರರಲ್ಲ, ಸ್ವತಂತ್ರರು. ಹಳೆಯ ಶೂ ಹಾಕಿಕೊಳ್ಳಿ, ಗ್ರೀಸ್ ಹತ್ತಿದರೆ ಬೇಜಾರಾಗದ ಬಟ್ಟೆ ಇರಲಿ.

ಮೇ ತಿಂಗಳ ಒಂದು ಸಂಜೆ ಬೆಂಗಳೂರಿನಲ್ಲಿ ಜೋರು ಮಳೆ. ಮರುದಿನ ಒಂದು ಅಪಾರ್ಟ್‌ಮೆಂಟ್‌ನ ನೆಲಮಾಳಿಗೆಯಿಂದ ಎಳೆದು ತಂದ ಕಾರಿನ ಮುಂದೆ ನಿಂತಿದ್ದೆವು. ಸರ್ ಬಾಗಿಲು ತೆರೆದು ಒಳಗಿನ ಹಾಸಿನಲ್ಲಿ ಕೆಸರಿನ ಗೆರೆ ತೋರಿಸಿದರು. ನೀರು ಎಲ್ಲಿವರೆಗೆ ಏರಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಆಮೇಲೆ ಮಾಲೀಕರನ್ನು ಮೆಲ್ಲಗೆ ಕೇಳಿದರು, ‘ಸ್ಟಾರ್ಟ್ ಮಾಡಿ ನೋಡಿದ್ರಾ ಸರ್?’ ಅವರು ಮುಗ್ಧವಾಗಿ ಹೌದೆಂದರು, ಒಂದಲ್ಲ ನಾಲ್ಕು ಸಲ. ಎಂಜಿನ್ ಒಳಗೆ ನೀರಿದ್ದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆ ಹಾನಿ ಮಳೆಯಿಂದ ನೇರವಾಗಿ ಆದದ್ದಲ್ಲ ಎಂದು ಸಾಮಾನ್ಯ ಪಾಲಿಸಿಯಲ್ಲಿ ಎಂಜಿನ್ ಖರ್ಚನ್ನು ತಳ್ಳಿಹಾಕುತ್ತಾರೆ. ಎಂಜಿನ್ ಪ್ರೊಟೆಕ್ಟ್ ಕವರ್ ಇದ್ದರೆ ಬೇರೆ ಮಾತು. ಅವರ ಬಳಿ ಅದಿರಲಿಲ್ಲ. ನಿಯಮ ಸರಿಯೇ ಇರಬಹುದು. ಆದರೆ ಇದನ್ನು ಪಾಲಿಸಿ ಕೊಡುವಾಗಲೇ ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಹೇಳಬಾರದೇ ಎಂದು ವಾಪಸ್ ಬರುವಾಗ ಕೇಳಿದೆ. ಸರ್ ಗಾಡಿ ಓಡಿಸುತ್ತಲೇ ಇದ್ದರು.

ಫೋನ್ ಎತ್ತುವ ಕೆಲಸ

ಐದನೇ ವಾರ ಫೋನ್ ಪಕ್ಕ ಕೂರಿಸಿದರು. ಕನ್ನಡ ಚೆನ್ನಾಗಿ ಬರುವ ಹುಡುಗ, ಹುಡುಗಿಯರಿಗೆ ಇಲ್ಲಿ ಬೆಲೆಯಿದೆ. ಮಂಡ್ಯದಿಂದಲೋ ಹಾಸನದಿಂದಲೋ ಕರೆ ಮಾಡುವವರ ಕೈಯಲ್ಲಿ ಇಂಗ್ಲಿಷ್ ಪತ್ರವಿರುತ್ತದೆ, ಅದರಲ್ಲಿ ‘ರೆಪ್ಯುಡಿಯೇಟೆಡ್’ ಎಂಬ ಪದ. ‘ಕ್ಲೇಮ್ ಕೊಡಕ್ಕಾಗಲ್ಲ ಅಂತ ಬರೆದಿದ್ದಾರೆ ಅಣ್ಣ, ಕಾರಣ ಇದು’ ಎಂದು ಬಿಡಿಸಿ ಹೇಳಿ. ‘ಆಗುತ್ತೆ ಬಿಡಿ, ನೋಡೋಣ’ ಎಂಬ ಸಮಾಧಾನದ ಮಾತು ಬೇಡ, ಅದನ್ನು ಅವರು ಭರವಸೆ ಎಂದೇ ಹಿಡಿಯುತ್ತಾರೆ.

ಮುಂದಿನ ದಾರಿಯನ್ನೂ ಹೇಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ, ಪರಿಹಾರದ ಮಿತಿ 50 ಲಕ್ಷ ರೂಪಾಯಿ. ಇದನ್ನು ಹೇಳಿದರೆ ಕಂಪನಿಗೆ ಎರಡು ಬಗೆದಂತೆ ಎಂದು ಅಂಜಬೇಡಿ. ಆ ನಿರಾಕರಣೆ ಪತ್ರದಲ್ಲೇ ಓಂಬುಡ್ಸ್‌ಮನ್ ವಿಚಾರ ಅಚ್ಚಾಗಿರುತ್ತದೆ, ಸಣ್ಣಕ್ಷರದಲ್ಲಿ.

ಗ್ರಾಹಕರ ಕಾಗದಗಳ ಫೋಟೊ ನಿಮ್ಮ ಮೊಬೈಲಿನಲ್ಲಿ ಇರಕೂಡದು. ಕಾಲೇಜಿನ ವರದಿಯಲ್ಲಿ ಹೆಸರು, ಗಾಡಿ ನಂಬರ್ ಎರಡನ್ನೂ ಅಳಿಸಿ. ಈ ಕ್ಷೇತ್ರ ಹಿಡಿಸಿದರೆ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಲೈಸೆನ್ಷಿಯೇಟ್ ಪರೀಕ್ಷೆ ಕಟ್ಟಬಹುದು. ಗಣಿತ ಗಟ್ಟಿ ಇರುವವರು ಆಕ್ಚುರಿ ಕೋರ್ಸಿನ ಪ್ರವೇಶ ಪರೀಕ್ಷೆ ಎಸಿಇಟಿ ನೋಡಲಿ.

ಪ್ರಮಾಣಪತ್ರದಲ್ಲಿ ‘ಇಂಟರ್ನ್‌ಶಿಪ್ ಮುಗಿಸಿದ್ದಾರೆ’ ಎಂದಷ್ಟೇ ಇದ್ದರೆ ಸಾಲದು. ವಿಭಾಗದ ಹೆಸರು, ತಾರೀಖು, ಮಾಡಿದ ಕೆಲಸ ಬರೆಸಿಕೊಳ್ಳಿ, ಅದೂ ಕೊನೆಯ ವಾರದ ಸೋಮವಾರವೇ. ನಾನು ಶುಕ್ರವಾರ ಸಂಜೆ ಕೇಳಿದೆ. ಎಚ್‌ಆರ್ ಮೇಡಂ ಆಗಲೇ ಹೊರಟಾಗಿತ್ತು. ಒಂದು ಸಹಿಗೋಸ್ಕರ ಮುಂದಿನ ವಾರ ಮತ್ತೆ ರೈಲು ಹತ್ತಿದೆ.