ಮಂಡಿ ಬದಲಾದ ಮೇಲೆ ಮಾತ್ರೆಯ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಕಾಯಿ ಏರಿಸಿ ಇಳಿಸುವುದಕ್ಕೂ, ಕುಕ್ಕರುಗಾಲಲ್ಲಿ ಕೂತು ಚಿಪ್ಪು ಒಡೆಯುವುದಕ್ಕೂ ಮಂಡಿ ಗಟ್ಟಿಯಿರಬೇಕು. ಅದು ಸವೆದಾಗ ಮೊದಲು ಕೈಗೆ ಬರುವುದು ಮೆಡಿಕಲ್ ಶಾಪಿನ ನೋವಿನ ಮಾತ್ರೆ.

ನಮ್ಮ ದೊಡ್ಡಮ್ಮ ವರ್ಷಗಟ್ಟಲೆ ಡೈಕ್ಲೋಫೆನಾಕ್ ನುಂಗಿಕೊಂಡೇ ಕೊಬ್ಬರಿ ಕೆಲಸ ಮಾಡಿದರು. ಬಿಪಿ ಮಾತ್ರೆಯೂ ಜೊತೆಗಿತ್ತು. ಇಂಥ ನೋವಿನ ಮಾತ್ರೆ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ಬಿಪಿ ಏರಿಸಬಹುದು. ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದರೆ ಕಿಡ್ನಿಗೂ ಪೆಟ್ಟು.

2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೋಬಾಲ್ಟ್-ಕ್ರೋಮಿಯಂ ಮಂಡಿ ಇಂಪ್ಲಾಂಟ್‌ಗೆ ಜಿಎಸ್‌ಟಿ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು. ಅದಾದ ಮೇಲೆ ದೊಡ್ಡಮ್ಮನೂ ಮಂಡಿ ಬದಲಿಸುವ ಆಪರೇಷನ್‌ಗೆ ಒಪ್ಪಿದರು. ಇನ್ನು ಮಾತ್ರೆಯ ಕಾಟ ತೀರಿತು ಎಂದು ಮನೆಯವರೆಲ್ಲ ಅಂದುಕೊಂಡರು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಮಾತ್ರ ಮೊದಲಿಗಿಂತ ಉದ್ದವಿತ್ತು.

ಶುರುವಿನ ವಾರಗಳಲ್ಲಿ ಹಾಗೇ ಇರುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಾರದೆಂದು ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಅದರ ಮೇಲೆ ಹಳೆಯ ಡೈಕ್ಲೋಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ. ಹಾಗಾಗಿ ದೊಡ್ಡಮ್ಮನ ಮಗಳು ಮೊದಲು ಮಾಡಿದ ಕೆಲಸ, ಗೂಡಿನಲ್ಲಿದ್ದ ಹಳೆಯ ಮಾತ್ರೆಗಳನ್ನೆಲ್ಲ ಡಾಕ್ಟರ ಮುಂದೆ ಸುರಿದು ಬೇಡದ್ದನ್ನು ತೆಗೆಸಿ ಹಾಕಿದ್ದು. ತಿಂಗಳುಗಳು ಕಳೆದಂತೆ ನೋವಿನ ಮಾತ್ರೆ ತಾನಾಗಿ ಕಡಿಮೆಯಾಯಿತು. ಎಲ್ಲರಿಗೂ ಹೀಗಾಗುವುದಿಲ್ಲ, ಸುಮಾರು ಐವರಲ್ಲಿ ಒಬ್ಬರಿಗೆ ನೋವು ಉಳಿಯುತ್ತದೆ. ಸಕ್ಕರೆ, ಬಿಪಿ ಮಾತ್ರೆಗಳಂತೂ ಮಂಡಿ ಬದಲಾಯಿತೆಂದು ನಿಲ್ಲುವುದಿಲ್ಲ.

ಮತ್ತೆ ಆಸ್ಪತ್ರೆ ಸೇರಿಸುವ ಕಾರಣಗಳು ಗೊತ್ತಿರುವಂಥವೇ: ಸೋಂಕು, ಹೆಪ್ಪು, ಬೀಳುವುದು. ಮನೆಗೆ ಬಂದ ಕೆಲವು ವಾರಕ್ಕೆ ದೊಡ್ಡಮ್ಮನ ಮೀನಖಂಡ ಊದಿಕೊಂಡಾಗ ಪಕ್ಕದ ಮನೆಯವರು ಎಣ್ಣೆ ತಿಕ್ಕಿ ಎಂದರು. ನಾವು ತಿಕ್ಕದೆ ಸ್ಕ್ಯಾನ್ ಮಾಡಿಸಿದೆವು, ಹೆಪ್ಪು ಇರಲಿಲ್ಲ. ಹೊಲಿಗೆ ಕೆಂಪಾದರೆ, ಕೀವು ಬಂದರೆ, ಜ್ವರ ಬಂದರೆ ಅಂಗಡಿಯ ಆಂಟಿಬಯೋಟಿಕ್ ನುಂಗಬಾರದು. ನುಂಗಿದರೆ ಆಮೇಲೆ ಪರೀಕ್ಷೆಯಲ್ಲಿ ರೋಗಾಣು ಸಿಗದೆ ಹೋಗಬಹುದು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯದಿಂದಲೂ ಸೋಂಕು ಹೊಸ ಕೀಲಿಗೆ ತಲುಪಬಲ್ಲದು.

ಹೊಸ ಮಂಡಿ ಬಹುಕಾಲ ಬಾಳುತ್ತದೆ. ಸುಮಾರು ಶೇಕಡಾ 82ರಷ್ಟು ಮಂಡಿಗಳು 25 ವರ್ಷ ಉಳಿಯುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಅಂದಾಜಿಸಿತು. ಅಷ್ಟು ವರ್ಷವೂ ಅಟ್ಟದ ಏಣಿ ಹತ್ತುವ ಕೆಲಸವನ್ನು ಬೇರೆಯವರಿಗೆ ಬಿಡಿ. ಯಾವ ಡಾಕ್ಟರ ಬಳಿ ಹೋದರೂ ಡಿಸ್ಚಾರ್ಜ್ ಚೀಟಿ, ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಒಂದೇ ಚೀಲದಲ್ಲಿ ಒಯ್ದು ತೋರಿಸಿ.